ಗುರುಬಸಮ್ಮನ ಅಂಗೈ

ಬಳ್ಳಾರಿಯ ಬ್ರೂಸ್‌ಪೇಟೆಯ ಹಿಂದಿನ ಓಣಿಯಲ್ಲಿ ವಿರೂಪಾಕ್ಷಪ್ಪ ಸೋಪಿನ ಪುಡಿಯ ಶೆಡ್ಡು ಹಾಕಿದ್ದು ಎಪ್ಪತ್ತೆರಡರಲ್ಲಿ. ಅಂದಿನಿಂದ ಹದಿಮೂರು ವರ್ಷ ಆ ಪುಡಿ ಕಲಸಿದವಳು ಗುರುಬಸಮ್ಮ. ಬೊಂಬಾಯಿಯಿಂದ ಡ್ರಮ್ಮಿನಲ್ಲಿ ಆಸಿಡ್ ಸ್ಲರಿ ಬರುತ್ತಿತ್ತು. ಕಾಕಂಬಿಯಂತೆ ಕಪ್ಪಗೆ, ಮಂದಗೆ, ಮೂಗು ಸುಡುವ ವಾಸನೆ. ಸಿಮೆಂಟು ನೆಲದ ಮೇಲೆ ಬಟ್ಟೆ ಒಗೆಯುವ ಸೋಡಾ ಹರಡಿ, ನಡುವೆ ಗುಳಿ ಮಾಡಿ, ಸ್ಲರಿ ಸುರಿದು ರೊಟ್ಟಿ ಹಿಟ್ಟಿನಂತೆ ನಾದಬೇಕು. ಸೋಡಾ ಬೆರೆತಷ್ಟೂ ಆಸಿಡ್ಡಿನ ಸೊಕ್ಕು ಇಳಿಯುತ್ತಿತ್ತು. ಆ ಊರಿನ ಸವಳು ನೀರಿನಲ್ಲಿ ಬಾರ್ ಸೋಪು ಒಡೆದ ಹಾಲಿನಂತಾಗುತ್ತಿತ್ತು. ಈ ಪುಡಿ ಬಕೆಟ್ ತುಂಬ ನೊರೆ ಕೊಡುತ್ತಿತ್ತು. ಹೆಂಗಸರು ಬಿಡುತ್ತಾರೆಯೇ?

ಕೈಗವಸು ಬೇಕೆಂದು ಅವಳು ಕೇಳಲಿಲ್ಲ, ಆ ಪುಣ್ಯಾತ್ಮ ಕೊಡಲೂ ಇಲ್ಲ. ಆಸಿಡ್ ಉಳಿದಿದೆಯೇ ಎಂದು ನೋಡಲು ಬಣ್ಣ ತಿರುಗುವ ಕಾಗದ ಸಿಗುತ್ತಿತ್ತಂತೆ. ಅದೆಲ್ಲ ಯಾತಕ್ಕೆ, ಗುರುಬಸಮ್ಮನ ಅಂಗೈ ಇತ್ತಲ್ಲ! ಚಿಟಿಕೆ ಪುಡಿಗೆ ಎರಡು ಹನಿ ನೀರು ಹಾಕಿ ತಿಕ್ಕುವಳು. ಉರಿದರೆ ಇನ್ನೊಂದು ಬೊಗಸೆ ಸೋಡಾ.

ಗಂಡ ಸತ್ತ ಮೇಲೆ ಮಗಳು ಚನ್ನವೀರಮ್ಮನನ್ನು ಆ ಕೈಗಳಿಂದಲೇ ಸಾಕಿ ದೇಶನೂರಿಗೆ ಕೊಟ್ಟಿದ್ದಳು. ಮಗಳು ಬಸುರಿ ಎಂದು ತಿಳಿದಾಗಿನಿಂದ ಅವಳದು ಒಂದೇ ಜಪ: ಕೂಸಿಗೆ ಎರೆಯುವವಳು ನಾನೇ, ಇನ್ನೊಬ್ಬರ ಕೈ ಸೋಕಬಾರದು. ಕೂಸು ಹುಟ್ಟೋ ಮೊದಲೇ ಕುಲಾವಿ ಹೊಲಿಸಿದಳು ಎಂದು ಪಕ್ಕದ ಮನೆಯ ಜಡೆಮ್ಮ ನಗುತ್ತಿದ್ದಳು.

ಹೆರಿಗೆಗೆ ತವರಿಗೆ ಬಂದ ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ಹನ್ನೊಂದು ದಿನ ಗುರುಬಸಮ್ಮ ಕಾಲು ಚಾಚಿ, ಕೂಸನ್ನು ಮಲಗಿಸಿಕೊಂಡು, ಮಗಳು ಬೆರೆಸಿಟ್ಟ ನೀರಿನಿಂದ ಎರೆದಳು. ಅದರ ಬಟ್ಟೆಗಳಿಗೆಂದು ಶೆಡ್ಡಿನಿಂದ ಹೊಸ ಪುಡಿ ತಂದಳು, ಅದೂ ಅಂಗೈಯಲ್ಲಿ ಮೂರು ಸಲ ತಿಕ್ಕಿ ನೋಡಿ. ಉರಿಯಲಿಲ್ಲ. ಎರಡೇ ದಿನಕ್ಕೆ ಕೂಸಿನ ತೊಡೆಸಂದು ಕೆಂಪಾಗಿ ಬೊಬ್ಬೆ ಎದ್ದಿತು. ದೃಷ್ಟಿ ಎಂದು ನೀವಾಳಿಸಿದಳು. ಡಾಕ್ಟರು ಮಾತ್ರ ಬಟ್ಟೆ ಯಾವುದರಲ್ಲಿ ಒಗೆಯುತ್ತೀರಿ ಎಂದು ಕೇಳಿದರು. ಮನೆಗೆ ಬಂದ ಚನ್ನವೀರಮ್ಮ ಚಿಟಿಕೆ ಪುಡಿಯನ್ನು ತನ್ನ ಕೈಯಲ್ಲಿ ತಿಕ್ಕಿದವಳು, ಕೈ ಕೊಡವುತ್ತ ನೀರಿಗೆ ಓಡಿದಳು.

"ಅವ್ವಾ, ಇದು ಸುಡತೈತಿ. ನಿನಗ ಉರಿಲಿಲ್ಲೇನು?"

ಗುರುಬಸಮ್ಮ ಮತ್ತೆ ತಿಕ್ಕಿದಳು. ಏನೂ ಇಲ್ಲ. ಹಂಡೆಯ ನೀರಿಗೆ ಕೈಯಿಟ್ಟಳು. ಹಬೆ ಕಣ್ಣಿಗೆ ಕಂಡಿತು, ಬಿಸಿ ಅಂಗೈಗೆ ತಿಳಿಯಲಿಲ್ಲ. ಆ ಕೈ ಯಾವಾಗ ಸತ್ತಿತ್ತೋ ಯಾರು ಬಲ್ಲರು!

ಮಗಳು ಒಂದು ಮಾತೂ ಬೈಯಲಿಲ್ಲ. ಗುರುಬಸಮ್ಮನೇ ಮರುದಿನ ಹೋಗಿ, ಕೂಸಿಗೆ ಎರೆಯಲು ಜಡೆಮ್ಮನನ್ನು ಕರೆತಂದಳು. ತಾನು ಒಲೆಗೆ ಪುಳ್ಳೆ ಒಟ್ಟುತ್ತ ಕೂತು, ಹೊಗೆಯ ನೆವದಲ್ಲಿ ಅತ್ತಳು. ಶೆಡ್ಡಿಗೂ ಹೋಗಿ ಇದ್ದದ್ದನ್ನು ಹೇಳಿದಳು. ವಿರೂಪಾಕ್ಷಪ್ಪ ಆ ಬಣ್ಣ ತಿರುಗುವ ಕಾಗದ ತರಿಸಿದನೆಂದುಕೊಂಡಿರಾ? ಇನ್ನೊಬ್ಬ ಹೆಂಗಸನ್ನು ಹುಡುಕಿದ.

ಕೂಸು ಗುಣವಾಯಿತು. ಮೂರು ತಿಂಗಳು ತುಂಬಿದ ಮೇಲೆ ತಾಯಿ ಮಗು ದೇಶನೂರಿಗೆ ಹೊರಟರು. ಸಿರುಗುಪ್ಪದ ಬಸ್ಸು ಬಂದಾಗ ಚನ್ನವೀರಮ್ಮ ಕೂಸನ್ನು ಅವ್ವನ ಕೈಗೆ ಕೊಟ್ಟಳು. ಗುರುಬಸಮ್ಮ ಅದರ ಗಲ್ಲವನ್ನು ಮೆಲ್ಲಗೆ ಸವರಿದಳು, ಮತ್ತೊಮ್ಮೆ ಸವರಿದಳು.

"ಗಲ್ಲ ಮೆತ್ತಗದಾವೇನ, ಚನ್ನೀ?"

"ಮೆತ್ತಗದಾವವ್ವಾ," ಎಂದಳು ಮಗಳು, ಸೆರಗು ಬಾಯಿಗೆ ಒತ್ತಿಕೊಂಡು.

ಗುರುಬಸಮ್ಮ ಆ ಮಾತನ್ನು ನಂಬಿ ಕೂಸನ್ನು ಹಿಂದಕ್ಕೆ ಕೊಟ್ಟಳು.