ಯಾವ ಬೋಟಿನ ಮೀನು, ಯಾರು ಹೇಳಿದ ಹದೀಸ್?

ಕಳೆದ ವಾರ ನನ್ನ ಅಣ್ಣನ ಮಗಳು ನಾಜಿಯಾಳ ಕೆಲಸವನ್ನು ಒಂದು ವಾಟ್ಸಾಪ್ ಫಾರ್ವರ್ಡ್ ಇನ್ನೇನು ನುಂಗಿಬಿಡುವುದರಲ್ಲಿತ್ತು.

ಹುಡುಗಿ ಫಾರ್ಮಸಿ ಓದಿದ್ದಾಳೆ. ಹಾಲಾಡಿಯ ಒಂದು ಮೆಡಿಕಲ್ ಶಾಪ್‌ನವರು ಸೋಮವಾರದಿಂದ ಬರಲು ಹೇಳಿದ್ದರು. ತಲೆಗೆ ಸ್ಕಾರ್ಫ್ ಚಿಕ್ಕಂದಿನಿಂದಲೂ ಹಾಕುತ್ತಾಳೆ, ಅದಕ್ಕೆ ಯಾರ ತಕರಾರೂ ಇಲ್ಲ. ಅಷ್ಟರಲ್ಲಿ ಭಾಯಿಯ (ಅಣ್ಣನನ್ನು ನಾನು ಕರೆಯುವುದೇ ಹಾಗೆ) ಮೊಬೈಲಿಗೆ ಮೆಸೇಜ್ ಬಂತು. ಹೆಣ್ಣುಮಕ್ಕಳು ಮುಖವನ್ನೂ ಮುಚ್ಚಲೇಬೇಕು, ಹದೀಸ್‌ನಲ್ಲಿದೆ, ಎಲ್ಲರಿಗೂ ಕಳಿಸಿ.

ಮುಖ ಮುಚ್ಚಿ ಹೋಗುವುದಾದರೆ ಹೋಗಲಿ, ಇಲ್ಲವಾದರೆ ಮನೆಯಲ್ಲೇ ಇರಲಿ ಎಂದುಬಿಟ್ಟ ಭಾಯಿ. ನಾಜಿಯಾ ಫೋನಿನಲ್ಲಿ ಅತ್ತಳು. ನನಗೆ ಸಿಟ್ಟು ನೆತ್ತಿಗೇರಿತು. ಭಾಯಿಯ ಮನೆಯಿರುವ ಹೆಮ್ಮಾಡಿಯ ಬಸ್ ಹತ್ತಿದೆ.

(ಮುಖ ಮುಚ್ಚುವವರ ಮೇಲೆ ನನಗೆ ಕೋಪವಿಲ್ಲ. ನನ್ನ ಗೆಳತಿಯರಲ್ಲೇ ಇದ್ದಾರೆ. ಅದು ಅವರಿಷ್ಟ. ಇದು ಯಾರಿಷ್ಟ?)

ಭಾಯಿ ಗಂಗೊಳ್ಳಿ ಬಂದರಿನಲ್ಲಿ ಮೀನು ಕೊಂಡು ಲಾರಿಗೆ ಹಾಕುವ ವ್ಯಾಪಾರಿ. ಯಾವ ಬೋಟು, ಎಷ್ಟು ದಿನ ಐಸಿನಲ್ಲಿತ್ತು ಎಂದು ಕೇಳದೆ, ಕಿವಿರು ಎತ್ತಿ ನೋಡದೆ ಒಂದು ಬುಟ್ಟಿ ಬಂಗಡೆಗೂ ಕೈ ಹಾಕುವವನಲ್ಲ. ಅದನ್ನೇ ಹಿಡಿದುಕೊಂಡೆ. ಬಂಗಡೆಗೆ ಇಷ್ಟು ವಿಚಾರಣೆ ಮಾಡುತ್ತೀಯ, ಪ್ರವಾದಿಯವರ ಹೆಸರಿನಲ್ಲಿ ಬಂದ ಮಾತಿಗೆ ಒಂದೂ ಇಲ್ಲವೇ? ಯಾವ ಗ್ರಂಥದ್ದು? ಯಾರಿಂದ ಯಾರು ಕೇಳಿದ್ದು?

ಇದು ನಾನು ಹೊಸದಾಗಿ ಕಂಡುಹಿಡಿದ ಪ್ರಶ್ನೆಯಲ್ಲ. ಹದೀಸ್ ಎಂದರೆ ಪ್ರವಾದಿಯವರ ನಡೆನುಡಿಯ ವರದಿ, ಒಬ್ಬರಿಂದೊಬ್ಬರು ಕೇಳಿ ಉಳಿಸಿಕೊಂಡದ್ದು. ಆ ಕೊಂಡಿಗಳನ್ನು ಒಂದೊಂದಾಗಿ ಪರೀಕ್ಷಿಸಿ ಇದು ಗಟ್ಟಿ, ಇದು ದುರ್ಬಲ ಎಂದು ಬೇರೆ ಮಾಡಿದವರು ನಮ್ಮ ಹಳೆಯ ವಿದ್ವಾಂಸರೇ. ಅವರ ಆಯುಷ್ಯವೇ ಅದರಲ್ಲಿ ಕಳೆಯಿತು. ನಾವು ಒಂದು ಬೆರಳಲ್ಲಿ ಫಾರ್ವರ್ಡ್ ಒತ್ತುತ್ತೇವೆ.

ಅಷ್ಟಕ್ಕೇ ಬಿಟ್ಟಿದ್ದರೆ ಸಾಕಿತ್ತು. ಗೆಲ್ಲುವ ಹುರುಪಿನಲ್ಲಿ ನನ್ನ ಕಡೆಯದ್ದೊಂದು ಹದೀಸನ್ನೂ ಎದುರಿಗಿಟ್ಟೆ. ಪ್ರಾಯಕ್ಕೆ ಬಂದ ಹೆಣ್ಣಿನ ಮುಖ, ಕೈ ಕಂಡರೆ ತಪ್ಪಿಲ್ಲ ಎನ್ನುವ ಹದೀಸ್ ಅದು.

ಭಾಯಿ ಎದ್ದು ಮಸೀದಿಗೆ ಹೋದ. ಅಲ್ಲಿನ ವಯಸ್ಸಾದ ಮೌಲ್ವಿಯವರನ್ನು ಕೇಳಿಕೊಂಡು ಬಂದವನ ಮುಖದಲ್ಲಿ ನಗು.

"ಮೊಬೈಲಿಂದಕ್ಕೆ ಬುಡ ಇಲ್ಲ ಅಂಬ್ರ್. ನಿಂದೂ ಗಟ್ಟಿ ಅಲ್ಲ ಅಂಬ್ರ್ ಕಾಣ್. ಬರ್ದಿಟ್ಟೋರೇ ಕೆಳ್ಗ್ ಹಂಗಂತ ಹೇಳೀರಂಬ್ರ್."

ನಿಜ. ನನ್ನ ಹದೀಸನ್ನು ಹೇಳಿದವರು ಯಾರ ಹೆಸರಿನಲ್ಲಿ ಹೇಳಿದರೋ, ಅವರನ್ನು ಭೇಟಿಯೇ ಆಗಿರಲಿಲ್ಲವಂತೆ. ನಡುವೆ ಒಂದು ಕೊಂಡಿ ಇಲ್ಲ. ನನಗೆ ಮುಖಭಂಗವಾಯಿತೇ? ಆಯಿತು. ಆದರೂ ಖುಷಿಯಾಯಿತು ಎಂದರೆ ನಂಬಿ. ಭಾಯಿ ಕೇಳಲು ಕಲಿತಿದ್ದ. ನನಗೆ ಬೇಕಾದ ಹದೀಸಿಗೊಂದು ತಕ್ಕಡಿ, ಬೇಡದ್ದಕ್ಕೆ ಇನ್ನೊಂದು ಇಟ್ಟುಕೊಂಡರೆ ನನಗೂ ಆ ಫಾರ್ವರ್ಡ್ ಮಾಡಿದವನಿಗೂ ಏನು ವ್ಯತ್ಯಾಸ?

ಹಾಗಾದರೆ ಉಳಿದದ್ದೇನು? ಕುರ್‌ಆನ್. ನಾಜಿಯಾಳೇ ಅನುವಾದ ತಂದು ಓದಿದಳು. ಹೆಣ್ಣಿನ ಅಲಂಕಾರದಲ್ಲಿ ಸಹಜವಾಗಿ ಕಾಣುವಷ್ಟಕ್ಕೆ ಅಲ್ಲಿ ವಿನಾಯಿತಿ ಇದೆ. ಅದರಲ್ಲಿ ಮುಖ, ಕೈ ಸೇರಿದೆ ಎಂದು ಬಹಳಷ್ಟು ವಿದ್ವಾಂಸರು, ಸೇರಿಲ್ಲ ಎಂದು ಕೆಲವರು. ಮೌಲ್ವಿಯವರೂ ಹಾಗೇ, ಇದರಲ್ಲಿ ಒಮ್ಮತವಿಲ್ಲ ಎಂದೇ ಹೇಳಿದ್ದರಂತೆ. ಇನ್ನು ಮುಗಿಯಿತು ಎಂದು ಭಾಯಿ ಏಳುವುದರಲ್ಲಿದ್ದ. ನಾಜಿಯಾ ಬಿಡಲಿಲ್ಲ. ಅದಕ್ಕೂ ಹಿಂದಿನ ವಾಕ್ಯ ತೋರಿಸಿದಳು. ವಿಶ್ವಾಸಿ ಗಂಡಸರು ದೃಷ್ಟಿ ತಗ್ಗಿಸಿಕೊಳ್ಳಲಿ ಎಂದಿತ್ತು ಅಲ್ಲಿ. ಅಪ್ಪನಿಗೆ ಹೇಳಿದಳು:

"ಅಬ್ಬಾ, ಮೊದಲ್ ಹೇಳದ್ ಗಂಡಸ್ರಿಗೆ ಅಲ್ದಾ? ನಮ್ಗೆ ಹೇಳದ್ ಆಮೇಲೆ."

ಭಾಯಿ ಆ ವಾಕ್ಯವನ್ನು ಎರಡು ಸಲ ಓದಿದ. ಸೋಮವಾರ ಬೆಳಿಗ್ಗೆ ಮಗಳನ್ನು ಅವನೇ ಬೈಕಿನಲ್ಲಿ ಹಾಲಾಡಿಗೆ ಬಿಟ್ಟು ಬಂದ. ತಲೆಗೆ ಎಂದಿನ ಸ್ಕಾರ್ಫ್, ಮುಖ ಅವಳಿಷ್ಟದಂತೆ.

ಹೆಣ್ಣಿನ ಬಟ್ಟೆಯ ಅಳತೆಗೆ ಇಷ್ಟೊಂದು ಹದೀಸ್ ಹುಡುಕುವ ನಾವು, ಗಂಡಸರ ಕಣ್ಣಿಗೆ ಹೇಳಿದ ಆ ಮೊದಲ ಮಾತನ್ನು ಯಾಕೆ ಒಬ್ಬರಿಗೂ ಫಾರ್ವರ್ಡ್ ಮಾಡುವುದಿಲ್ಲ?