ಕೈ ನಿಲ್ಲಿಸಿದ ಕಥೆ

ದಾವಣಗೆರೆಯನ್ನು ದೊಡ್ಡ ಊರು ಎಂದರೆ ಬೆಂಗಳೂರಿನವರು ನಗುತ್ತಾರೆ. ನಗಲಿ. ಕೆರೆಬಿಳಚಿ ಕಡೆಯ ನಮಗೆ ಬಟ್ಟೆಗೂ ಬೇನೆಗೂ ಕೋರ್ಟಿಗೂ ಕಾಲೇಜಿಗೂ ದಾವಣಗೆರೆಯೇ ದೊಡ್ಡ ಊರು. ಕಥೆ ಬರೆಯುವವರಿಗೂ ಅದೇ ದೊಡ್ಡ ಊರು ಎಂದು ನನಗೆ ಗೊತ್ತಾದದ್ದು ಮೂವತ್ತಾರನೇ ವಯಸ್ಸಿನಲ್ಲಿ, ಅದೂ ಚನ್ನಗಿರಿಯಲ್ಲಿ ಬಾಯಿ ಮುಚ್ಚಿಸಿಕೊಂಡ ಮೇಲೆ.

ನನ್ನ ಅವ್ವ ಅಡಿಕೆ ಸುಲಿಯುತ್ತಿದ್ದವಳು. ಸುಗ್ಗಿಯಲ್ಲಿ ಚನ್ನಗಿರಿಯ ಒಂದು ಶೆಡ್ಡಿನಲ್ಲಿ ಮೂವತ್ತು ನಲವತ್ತು ಹೆಂಗಸರು ಸಾಲಾಗಿ ಕೂತು, ಮಣೆಗೆ ಬಿಗಿದ ಕತ್ತಿಗೆ ಅಡಿಕೆ ಒತ್ತಿ ಸಿಪ್ಪೆ ಬಿಡಿಸುತ್ತಿದ್ದರು. ಸುಲಿದದ್ದನ್ನು ಡಬ್ಬದಲ್ಲಿ ಅಳೆದು ಕೂಲಿ ಕೊಡುತ್ತಿದ್ದರು. ಬೇಸರ ಕಳೆಯಲು ಯಾರಾದರೂ ಒಬ್ಬಳು ಕಥೆ ಹೇಳಬೇಕು. ಹೇಳುವವಳ ಕೈ ನಿಧಾನವಾಗುತ್ತದೆ, ಅವಳ ಡಬ್ಬ ತುಂಬುವುದಿಲ್ಲ. ಅದಕ್ಕೇ ಕಥೆ ಮುಗಿದಾಗ ಉಳಿದವರೆಲ್ಲ ತಮ್ಮ ಪಾಲಿನಿಂದ ಒಂದೊಂದು ಬೊಗಸೆ ಸುಲಿದ ಅಡಿಕೆಯನ್ನು ಅವಳ ಡಬ್ಬಕ್ಕೆ ಹಾಕುವುದು ಅಲ್ಲಿನ ರೂಢಿ. ಅಕ್ಷರ ಬಾರದ ನನ್ನ ಅವ್ವನೇ ಆ ಶೆಡ್ಡಿನ ಕಥೆಗಾರ್ತಿ. ಒಂದು ದಿನವೂ ಅವಳ ಡಬ್ಬ ಅರೆಯಾಗಿದ್ದು ನಾನು ನೋಡಿಲ್ಲ.

ಕಥೆ ಚೆನ್ನಾಗಿದೆಯೋ ಇಲ್ಲವೋ ಎಂದು ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಕೈ ನೋಡಿದರೆ ಸಾಕಿತ್ತು. ಕಥೆಯಲ್ಲಿ ಮುಳುಗಿದವರ ಕೈ ತಾನೇ ತಾನಾಗಿ ಓಡುತ್ತಿರುತ್ತದೆ. ಕಥೆ ಸಪ್ಪೆಯಾಯಿತೋ, ಕತ್ತಿಗಳು ಒಂದೊಂದಾಗಿ ನಿಲ್ಲುತ್ತವೆ. ಒಬ್ಬಳು ಎಲೆಅಡಿಕೆ ಸಂಚಿ ಬಿಚ್ಚುತ್ತಾಳೆ, ಇನ್ನೊಬ್ಬಳು ಬೆನ್ನು ಹಿಡಿಯಿತೆಂದು ಎದ್ದು ಹೋಗುತ್ತಾಳೆ. ಕೈ ನಿಂತರೆ ಕಥೆ ಕೆಟ್ಟಿತು ಎಂಬುದು ಅವ್ವನ ಪಕ್ಕ ಕೂತು ಬೆಳೆದ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು.

ಆ ಶೆಡ್ಡಿನಲ್ಲಿ ಇನ್ನೊಂದು ರೂಢಿಯೂ ಇತ್ತು. ಅವ್ವನ ಕಥೆಗೆ ಬೊಗಸೆ ಬೊಗಸೆ ಅಡಿಕೆ ಹಾಕುತ್ತಿದ್ದ ಅದೇ ಕೈಗಳು ನೀರನ್ನು ಮಾತ್ರ ಅವಳಿಗೆ ಎತ್ತಿ ಹೊಯ್ಯುತ್ತಿದ್ದವು. ಉಳಿದವರಿಗೆ ಚೊಂಬು, ಕೇರಿಯವರಾದ ನಮಗೆ ನಮ್ಮ ಬೊಗಸೆ. ಅವ್ವ ಬಗ್ಗಿ ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಬಂದು, ಬಿಟ್ಟಲ್ಲಿಂದ ಕಥೆ ಮುಂದುವರಿಸುತ್ತಿದ್ದಳು. ಮುಂದೆ ನಾನು ಓದಿ ತ್ಯಾವಣಿಗೆ ಹತ್ತಿರದ ಹೈಸ್ಕೂಲೊಂದರಲ್ಲಿ ಗುಮಾಸ್ತೆಯಾದೆ. ನಮ್ಮ ಮನೆಯ ಗೋಡೆಗೆ ಬುದ್ಧನ ಫೋಟೊ ಬಂತು. ಆ ನೀರು ಮಾತ್ರ ಗಂಟಲಲ್ಲೇ ಉಳಿದಿತ್ತು. ಅದನ್ನೇ ಕಥೆಯಾಗಿ ಬರೆದೆ.

ಚನ್ನಗಿರಿಯ ಒಂದು ಸಭೆಯಲ್ಲಿ ಓದಲು ಕರೆದರು. ನನ್ನ ಸರದಿಗೆ ಮುಂಚೆ ಸಂಘಟಕರು ಹಾಳೆ ಇಸಕೊಂಡು ಕಣ್ಣಾಡಿಸಿದರು. ಅವರ ಮುಖ ಹುಳ್ಳಗಾಯಿತು.

"ಇದ್ಯಾಕ್ರೀ ಮೇಡಂ ಈಗ? ಈಗೆಲ್ಲ ಹಂಗೆ ಎಲ್ಲೈತೆ? ಮಳೆ ಮ್ಯಾಲೆ, ತಾಯಿ ಮ್ಯಾಲೆ ಏನಾರ ಇದ್ರೆ ಓದ್ರಿ."

ಇದು ತಾಯಿಯ ಮೇಲೆಯೇ ಬರೆದದ್ದು ಎಂದೆ. ಅದು ಅವರಿಗೆ ಕೇಳಿಸಲಿಲ್ಲ. ಓದಿದರೆ ಇದನ್ನೇ ಓದುವುದು, ಇಲ್ಲದಿದ್ದರೆ ಇಲ್ಲ ಎಂದೆ. ಅದು ಚೆನ್ನಾಗಿ ಕೇಳಿಸಿತು. ನನ್ನನ್ನು ಬಿಟ್ಟು ಮುಂದಿನವರನ್ನು ಕರೆದರು. ಕೊನೆಗೆ ಎಲ್ಲರಿಗೂ ಶಾಲು ಹೊದಿಸುತ್ತಾ ನನ್ನ ಹತ್ತಿರವೂ ಬಂದರು. ಓದದವಳಿಗೆ ಶಾಲು ಯಾಕೆ ಎಂದು ಕೇಳಿ ವೇದಿಕೆ ಇಳಿದುಬಿಟ್ಟೆ.

ಬಸ್ ಸ್ಟ್ಯಾಂಡಿನವರೆಗೆ ನನ್ನ ಹಿಂದೆಯೇ ಒಬ್ಬ ಹೆಂಗಸು ಬಂದರು. ಜಗಳೂರಿನವರು, ರಿಟೈರಾದ ಮೇಷ್ಟ್ರಮ್ಮ. ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದರಂತೆ. ದಾವಣಗೆರೆಯಲ್ಲಿ ಬೋರ್ಡ್ ಬರೆಯುವವರೊಬ್ಬರ ಅಂಗಡಿಯ ಮಹಡಿಯಲ್ಲಿ ಭಾನುವಾರ ಮೂರು ಗಂಟೆಗೆ ಒಂದಿಷ್ಟು ಜನ ಸೇರುತ್ತೇವೆ, ಓದುತ್ತೇವೆ, ಹಾಡುತ್ತೇವೆ, ಚಿತ್ರ ಬಿಡಿಸುತ್ತೇವೆ ಎಂದರು. ಅಲ್ಲಿ ಶಾಲು ಇಲ್ಲ, ಶೇಂಗಾ ಮಾತ್ರ ಎಂದೂ ಹೇಳಿದರು. "ಅದೇ ಕಥೆ ತಗೊಂಡು ಬರ್ರಿ, ಬ್ಯಾರೆ ತರಬ್ಯಾಡ್ರಿ" ಎಂದು ನನ್ನನ್ನು ಬಸ್ಸಿಗೆ ಹತ್ತಿಸಿದರು.

ಹೋದೆ. ಕೋಣೆ ತುಂಬ ಪೇಂಟಿನ ವಾಸನೆ. ಹೊನ್ನಾಳಿಯಿಂದ ಒಬ್ಬರು ತಮಟೆಯವರು, ನ್ಯಾಮತಿಯಿಂದ ಒಬ್ಬ ನರ್ಸ್, ಊರಿನ ಆಟೋದವರು, ಹೀಗೆ ಎಂಟೊಂಬತ್ತು ಜನ. ಹೆಚ್ಚಿನವರು ಒಂದೊಂದು ಬಸ್ಸು ಹಿಡಿದು ಬಂದವರೇ, ಸಂಜೆ ಒಂದೊಂದು ಬಸ್ಸು ಹಿಡಿದು ಹೋಗುವವರೇ. ಮೂಲೆಯಲ್ಲಿ ಒಂದು ಮಡಕೆ, ಅದರ ಮೇಲೆ ಒಂದೇ ಒಂದು ಸ್ಟೀಲ್ ಲೋಟ. ಎಲ್ಲಿಗೆ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ಅದನ್ನೇ. ನಾನು ನೋಡುತ್ತಿದ್ದಂತೆಯೇ ಎಲ್ಲರೂ ಅದೇ ಲೋಟ ಅದ್ದಿ ಕುಡಿದರು.

ಓದಲು ಶುರು ಮಾಡಿದೆ. ಬೋರ್ಡಿನವರು ಒಂದು ಕಿರಾಣಿ ಅಂಗಡಿಯ ಬೋರ್ಡಿಗೆ ಹಳದಿ ಬಳಿಯುತ್ತಿದ್ದರು, ನರ್ಸ್ ಶೇಂಗಾ ಬಿಡಿಸುತ್ತಿದ್ದಳು. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ನರ್ಸಿನ ಕೈ ನಿಂತಿತು. ಮೇಷ್ಟ್ರಮ್ಮ ಹೆಣಿಗೆ ಕೆಳಗಿಟ್ಟರು. ಕೊನೆಗೆ ಬೋರ್ಡಿನವರ ಬ್ರಷ್ಷೂ ನಿಂತಿತು. ಒಂದು ಕೈಯೂ ಅಲ್ಲಾಡುತ್ತಿಲ್ಲ. ಇಲ್ಲೂ ಅಷ್ಟೇ ಎಂದುಕೊಂಡೆ. ಒಂದೇ ಲೋಟದಲ್ಲಿ ಕುಡಿಯುವ ಜನವೂ ಈ ನೀರಿನ ಕಥೆ ನುಂಗಲಾರರು ಎಂದುಕೊಂಡೆ. ಅರ್ಧಕ್ಕೆ ಹಾಳೆ ಮಡಚಿ, ಬಸ್ಸಿಗೆ ಹೊತ್ತಾಯಿತು ಎಂದು ಸುಳ್ಳು ಹೇಳಿ, ಯಾರು ಕರೆದರೂ ತಿರುಗದೆ ಮೆಟ್ಟಿಲಿಳಿದೆ. ಇನ್ನು ಯಾರ ಮುಂದೆಯೂ ಓದುವುದಿಲ್ಲ ಎಂದು ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಬಂದೆ.

ಮನೆಯಲ್ಲಿ ಅವ್ವ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಓದಿದೆಯಾ ಎಂದು ಕೇಳಿದಳು. ಅರ್ಧ ಓದಿದೆ, ಎಲ್ಲರ ಕೈ ನಿಂತವು ಎಂದೆ. ಅವಳಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ. ಆದರೂ ಸೌಟು ಹಿಡಿದೇ ಯೋಚನೆ ಮಾಡಿದಳು. ಯಾರಾದರೂ ಸಂಚಿ ಬಿಚ್ಚಿದರಾ ಎಂದಳು. ಇಲ್ಲ. ಬೆನ್ನು ನೋವು ಅಂತ ಎದ್ದು ಹೋದರಾ? ಇಲ್ಲ.

"ಮತ್ತೆ ನೀನ್ಯಾಕೆ ಎದ್ದು ಬಂದೆ? ಕೆಲಸ ಬಿಟ್ಟು ಕಥೆ ಕೇಳೋ ಜನಾನ ನಾನು ಈ ವಯಸ್ಸಿನ ಮಟ ನೋಡಿಲ್ಲ. ಬರೋ ಭಾನುವಾರ ನಾನೂ ಬರ್ತೀನಿ ನಡಿ."

ಮುಂದಿನ ಭಾನುವಾರ ಅವ್ವ ಮಡಿಲಲ್ಲಿ ಶೇಂಗಾ ಕಟ್ಟಿಕೊಂಡೇ ಬಂದಳು. ಹೋದ ವಾರದ ಕಥೆ ಅರ್ಧಕ್ಕೇ ನಿಂತಿದೆ, ಎಲ್ಲರಿಗೂ ಸಂಕಟವಾಗಿದೆ ಎಂದು ಬೋರ್ಡಿನವರು ಬೈದೇ ಕೂರಿಸಿದರು. ಕೈ ನಿಂತ ವಿಷಯ ಅವ್ವ ಬಿಡಿಸಿ ಹೇಳಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ಬಂತು, ನಾಚಿಕೆಯೂ ಆಯಿತು. ಮೊದಲಿಂದ ಕೊನೆಯವರೆಗೂ ಓದಿದೆ. ಅವರೆಲ್ಲರ ಕೈ ನಿಂತೇ ಇದ್ದವು. ಅವ್ವನ ಕೈ ಮಾತ್ರ ಒಂದೇ ಸಮ ಶೇಂಗಾ ಬಿಡಿಸುತ್ತಿತ್ತು.

ಓದಿ ಮುಗಿದ ಮೇಲೆ ಹೊಗಳುತ್ತಾರೆ ಎಂದುಕೊಂಡಿದ್ದೆ. ಮೇಷ್ಟ್ರಮ್ಮ ಕನ್ನಡಕ ತೆಗೆದು ಒರೆಸಿದರು. ಕಥೆಯ ಕೊನೆಯಲ್ಲಿ ನೀರು ಹೊಯ್ಯುವವಳು ಪಶ್ಚಾತ್ತಾಪಪಟ್ಟು ಅವ್ವನ ಕೈಗೆ ಚೊಂಬು ಕೊಡುವಂತೆ ನಾನು ಬರೆದಿದ್ದೆ.

"ಹಂಗೆ ನಡೀತೇನ್ರೀ?" ಎಂದು ಕೇಳಿದರು.

"ಇಲ್ಲ."

"ಮತ್ತೆ ಯಾರನ್ನ ಖುಷಿಪಡಿಸಾಕೆ ಬರೆದ್ರಿ?"

ವೇದಿಕೆ ಇಳಿದು ಬಂದ ಧೈರ್ಯವಂತೆ ಎಂದು ನನ್ನ ಬಗ್ಗೆಯೇ ನಾನು ಬೀಗುತ್ತಿದ್ದೆ. ಹಾಳೆಯ ಮೇಲೆ ಮಾತ್ರ ಅದೇ ವೇದಿಕೆಯವರ ಮುಖ ನೋಡಿಕೊಂಡು ಬರೆದಿದ್ದೆ. ನನ್ನನ್ನು ಇಷ್ಟು ಕಿವಿಗೊಟ್ಟು ಕೇಳಿದವರೂ ಇರಲಿಲ್ಲ, ಇಷ್ಟು ನೇರವಾಗಿ ಹಿಡಿದವರೂ ಇರಲಿಲ್ಲ. ಆ ಕೋಣೆಯನ್ನು ನಾನು ಅವತ್ತೇ ನನ್ನದು ಎಂದು ತೀರ್ಮಾನಿಸಿದೆ. ಕೊನೆಯ ಪುಟವನ್ನು ಅಲ್ಲೇ ಹರಿದೆ.

ಮಾರನೆಯ ವರ್ಷ ಚನ್ನಗಿರಿಯ ಅದೇ ಸಂಘಟಕರು ಫೋನ್ ಮಾಡಿದರು. ಈ ಸಲ ಓದಿ ಎಂದರು. ಹಾಗೆಯೇ, ಕುರ್ಚಿಗಳು ಖಾಲಿ ಉಳಿಯುತ್ತವೆ, ನಿಮ್ಮ ದಾವಣಗೆರೆಯವರನ್ನೂ ಕರೆದುಕೊಂಡು ಬನ್ನಿ ಎಂದರು. ಧಾರಾಳವಾಗಿ ಎಂದೆ. ಎಲ್ಲರೂ ಬಂದರು, ಮೊದಲ ಸಾಲು ಹಿಡಿದರು. ಅವ್ವ ನಡುವೆ ಕೂತಳು. ಸಂಘಟಕರು ರೂಢಿಯಂತೆ ಹಾಳೆಗೆ ಕೈ ಚಾಚಿದರು. ಕೊಡಲಿಲ್ಲ. ಅವರು ಮೊದಲ ಸಾಲನ್ನು ನೋಡಿದರು, ನನ್ನನ್ನು ನೋಡಿದರು, ಕೈ ಹಿಂದಕ್ಕೆ ತೆಗೆದುಕೊಂಡರು.

ಓದಿದೆ. ಹಿಂದೆ ಶೆಡ್ಡಿನಲ್ಲಿ ಅವ್ವನ ಜೊತೆ ಸುಲಿಯುತ್ತಿದ್ದ ಮೂವರು ಹೆಂಗಸರು ಕಡೆಯ ಸಾಲಿನಲ್ಲಿದ್ದರು. ನೀರಿನ ಮಾತು ಬಂದಾಗ ಇಬ್ಬರು ತಲೆ ತಗ್ಗಿಸಿದರು. ಒಬ್ಬಳು ಸೆರಗು ಕೊಡವಿ ಎದ್ದು ಹೋದಳು. ನಾನು ಒಂದು ಕ್ಷಣ ತಡೆದೆ. ಅವ್ವ ತಿರುಗಿಯೂ ನೋಡಲಿಲ್ಲ, ಓದು ಎಂದು ಗಲ್ಲ ಎತ್ತಿ ಸನ್ನೆ ಮಾಡಿದಳು. ನಮ್ಮವರ ಒಂಬತ್ತು ಜೊತೆ ಕೈಗಳು ತೊಡೆಯ ಮೇಲೆ ಮಿಸುಕದೆ ಇದ್ದವು. ಅವುಗಳನ್ನೇ ನೋಡುತ್ತಾ ಕೊನೆಯ ಸಾಲಿನವರೆಗೂ ಓದಿದೆ. ಕಥೆಯಲ್ಲಿ ಈಗ ಯಾರೂ ಚೊಂಬು ಕೊಡುವುದಿಲ್ಲ. ಅವ್ವ ಬಗ್ಗಿ ಬೊಗಸೆಯಲ್ಲಿ ಕುಡಿಯುತ್ತಾಳೆ, ಅಲ್ಲಿಗೇ ಮುಗಿಯುತ್ತದೆ.

ಈ ಸಲ ಶಾಲು ಹೊದಿಸಿಕೊಂಡೆ. ಓದಿದವಳಲ್ಲವೇ.

ಸಂಜೆ ಊರಿನ ಬಸ್ಸಿನಲ್ಲಿ ಕೂತ ಮೇಲೆ ಅವ್ವ ಆ ಶಾಲನ್ನು ನನ್ನ ಹೆಗಲಿನಿಂದ ಎಳೆದುಕೊಂಡು ತನ್ನ ಮಡಿಲಲ್ಲಿ ಹಾಸಿದಳು. ಮಡಿಲಿನ ಗಂಟು ಬಿಚ್ಚಿ ಶೇಂಗಾ ಬಿಡಿಸತೊಡಗಿದಳು. ಜರಿಯಂಚಿನ ಶಾಲಿನ ತುಂಬ ಸಿಪ್ಪೆ. ಅವ್ವಾ, ಅದು ಸನ್ಮಾನದ ಶಾಲು ಎಂದೆ.

"ಇರ್ಲಿ ಬಿಡು, ಸಿಪ್ಪೆ ಹಿಡಿಯಾಕೆ ಬೇಷೈತೆ" ಎಂದಳು.

ನಮ್ಮೂರು ಬರುವ ಹೊತ್ತಿಗೆ ಬಿಡಿಸಿದ ಕಾಳೆಲ್ಲ ಕೂಡಿಸಿ, ನನ್ನ ಎರಡೂ ಕೈ ಹಿಡಿದು ಬೊಗಸೆ ಮಾಡಿಸಿ, ಒಂದು ಕಾಳೂ ತನಗೆ ಇಟ್ಟುಕೊಳ್ಳದೆ ಅದರೊಳಗೆ ಸುರಿದಳು.