ಲೆಕ್ಕದ ಪರೀಕ್ಷೆಯಲ್ಲಿ ಕುಶಲಾಳ ಕೈಗಳು

ಇನ್ನಂಜೆಯಲ್ಲಿ ನನ್ನ ಮನೆಗೂ ಕುಶಲಾಳ ಮನೆಗೂ ನಡುವೆ ಒಂದು ತೆಂಗಿನ ಮರ ಮಾತ್ರ. ಅವಳು ಮದುವೆಯಾಗಿ ಬಂದ ವರ್ಷದಿಂದ ನಾವಿಬ್ಬರೂ ನನ್ನ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿದವರು. ಮಡಿಲಲ್ಲಿ ಗೆರಸೆ, ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು. ಕಣ್ಣು ದಾರಿಯ ಮೇಲೆ, ಬಾಯಿ ಊರವರ ಮೇಲೆ. ಕೈ ಅದರಷ್ಟಕ್ಕೆ ಅದು ಕೆಲಸ ಮಾಡುತ್ತಿತ್ತು. ಈಗ ಬೀಡಿ ಬ್ರಾಂಚಿನವರು ಕೊಡುವ ಎಲೆ ಕಡಿಮೆಯಾಗುತ್ತಾ ಬಂದಿದೆ. ಮುದುಕಿ ನನಗೆ ಅಷ್ಟು ಸಾಕು. ಕುಶಲಾಳಿಗೆ ನಲವತ್ತು ದಾಟಿದ್ದಷ್ಟೆ, ಅವಳಿಗೆ ಹೇಗೆ ಸಾಕು?

ಆಗ ಅವಳ ಮಗಳು ಅಕ್ಷಿತಾ ಒಂದು ಸುದ್ದಿ ತಂದಳು. ಮಣಿಪಾಲದ ಒಂದು ತರಬೇತಿ ಕೇಂದ್ರದಲ್ಲಿ ಶಾಲೆ ಬಿಟ್ಟವರಿಗೆ ಬೆಳಿಗ್ಗೆ ಎಸ್ಸೆಸ್ಸೆಲ್ಸಿ ಪಾಠ, ಮಧ್ಯಾಹ್ನ ಸಿಸಿ ಕ್ಯಾಮೆರಾ ಹಾಕುವ ಕೆಲಸ ಕಲಿಸುತ್ತಾರೆ. ಎರಡೂ ಪಾಸಾದರೆ ಸಂತೆಕಟ್ಟೆಯ ಕ್ಯಾಮೆರಾ ಅಂಗಡಿಯಲ್ಲಿ ಕೆಲಸ. ಒಂದು ಹೋದರೆ ಇನ್ನೊಂದೂ ಇಲ್ಲ. ಕುಶಲಾ ಲೆಕ್ಕಕ್ಕೆ ಹೆದರಿಯೇ ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವಳು. ಆದರೂ ಹೆಸರು ಕೊಟ್ಟಳು.

ಗಂಡ ಶೀನ ಕಾಪುವಿನಲ್ಲಿ ರಿಕ್ಷಾ ಓಡಿಸುತ್ತಾನೆ. "ಮೊದಲ ಕ್ಯಾಮೆರಾ ನನ್ನ ರಿಕ್ಷಾಕ್ಕೆ ಹಾಕ್ತೀಯಾ ಎಂತ?" ಎಂದ.

"ಅದರಲ್ಲಿ ಎಂತ ನೋಡ್ಲಿಕ್ಕುಂಟು? ನೀವು ನಿದ್ದೆ ಮಾಡುದಾ?" ಎಂದಳು ಇವಳು.

ಕ್ಯಾಮೆರಾದ ಪಾಠ ಅವಳಿಗೆ ನೀರು ಕುಡಿದಷ್ಟು ಸುಲಭವಾಯಿತು. ಕೂದಲಿನಂಥ ಬಣ್ಣಬಣ್ಣದ ವೈರುಗಳನ್ನು ಸಾಲಾಗಿ ಹಿಡಿದು ಪ್ಲಗ್ಗಿನೊಳಗೆ ತೂರಿಸಬೇಕಂತೆ. ಬೇರೆಯವರದ್ದು ಅಡ್ಡಾದಿಡ್ಡಿ ಹೋದರೆ ಇವಳದ್ದು ಒಂದೇ ಸಲಕ್ಕೆ. ಕಲಿಸುವ ಹುಡುಗ ರಾಯ್‌ಸ್ಟನ್, "ಅಕ್ಕ, ಮೊದಲು ಎಂತ ಕೆಲಸ ಮಾಡಿಕೊಂಡಿದ್ರಿ?" ಎಂದು ಕೇಳಿದರೆ ಇವಳು, "ಎಂತ ಇಲ್ಲ, ಮನೆಯಲ್ಲೇ" ಎಂದು ಬಂದಳು. ಜೊತೆಗಿದ್ದವರೆಲ್ಲ ಎಳೆಯ ಹುಡುಗಿಯರು. ಅವರೆದುರು ಬೀಡಿ ಎನ್ನಲು ನಾಚಿಕೆ.

"ಕದ್ದ ಮಾಲಾ ಅದು, ಅಡಗಿಸ್ಲಿಕ್ಕೆ?" ಎಂದು ನಾನು ಬೈದೆ.

"ನಿಮಗೆ ಗೊತ್ತಾಗುದಿಲ್ಲ ದೊಡ್ಡಮ್ಮ. ಆ ಹುಡುಗಿಯರ ಬಣ್ಣ ಹಚ್ಚಿದ ಉಗುರು ನೋಡ್ಬೇಕು ನೀವು."

ಲೆಕ್ಕ ಮಾತ್ರ ಪುಸ್ತಕದ ಎದುರು ಕುಳಿತರೆ ತಲೆಗೆ ಹತ್ತುತ್ತಿರಲಿಲ್ಲ. ನಾನು ಮೂರನೇ ಕ್ಲಾಸಿನವಳು, ಅಕ್ಷರ ಕೂಡಿಸಿ ಓದಬಲ್ಲೆ. ಸಂಜೆ ಅವಳು ಬೀಡಿ ಕಟ್ಟುವಾಗ ನಾನು ಪ್ರಶ್ನೆ ಓದತೊಡಗಿದೆ. "ವೃತ್ತದ ವಿಸ್ತೀರ್ಣ ಹೇಗೆ?" ಎಂದರೆ ಬೀಡಿಯ ತುದಿ ಮಡಚಿಕೊಂಡೇ ಉತ್ತರ ಹೇಳುವಳು. ಸರಿಯೋ ತಪ್ಪೋ ನನಗೇನು ಗೊತ್ತು? ಪಕ್ಕದಲ್ಲಿ ಕುಳಿತ ಅಕ್ಷಿತಾ "ಸರಿ" ಎಂದರೆ ಮುಂದಿನದ್ದು. ಗೆರಸೆ ಕೆಳಗಿಟ್ಟಾಗ ಕೇಳಿದರೆ ಒಂದೂ ಬಾರದು. ಅದಕ್ಕೆ ನಾವು ನಗಾಡಿದೆವು, ಚಿಂತೆ ಮಾಡಲಿಲ್ಲ. ಪರೀಕ್ಷೆಗೆ ಗೆರಸೆ ಕೊಂಡುಹೋಗಲಿಕ್ಕಾಗುವುದಿಲ್ಲ ಎಂಬುದು ಇಬ್ಬರಿಗೂ ಹೊಳೆಯಲೇ ಇಲ್ಲ.

ಉಡುಪಿಯ ಒಂದು ಶಾಲೆಯಲ್ಲಿ ಪರೀಕ್ಷೆ. ಲೆಕ್ಕದ ದಿನ ಪ್ರಶ್ನೆಪತ್ರಿಕೆ ನೋಡಿದರೆ ತಲೆ ಖಾಲಿ ಕೊಡಪಾನವಂತೆ. ಕೊನೆಗೆ ಪೆನ್ನು ಕೆಳಗಿಟ್ಟು, ಕೈಗಳನ್ನು ಡೆಸ್ಕಿನ ಅಡಿಗೆ ತಂದು, ಬರೀ ಗಾಳಿಯಲ್ಲಿ ಬೀಡಿ ಕಟ್ಟತೊಡಗಿದಳು. ನಾನು ಕಿವಿಯಲ್ಲಿ ಪ್ರಶ್ನೆ ಓದಿದ ಹಾಗಾಯಿತಂತೆ. ಉತ್ತರ ಬಂತು, ಬರೆದಳು. ಪುನಃ ಕಟ್ಟಿದಳು, ಪುನಃ ಬರೆದಳು.

ಈಗ ಪರೀಕ್ಷೆಯ ಕೋಣೆಯಲ್ಲೂ ಕ್ಯಾಮೆರಾ ಉಂಟು. ಎಲ್ಲೋ ಆಫೀಸಿನಲ್ಲಿ ಕುಳಿತು ನೋಡುವವರಿಗೆ ಇವಳ ಮೊಣಕೈ ಅಲುಗುವುದು ಕಂಡಿತು, ಕೈ ಕಾಣಲಿಲ್ಲ. ಫೋನ್ ಬಂತು. ಮೇಲ್ವಿಚಾರಣೆಯ ಮೇಡಂ ಸೀದಾ ಇವಳ ಹತ್ತಿರ ಬಂದರು.

"ಮಡಿಲಲ್ಲಿ ಎಂತ ಉಂಟು? ಚೀಟಿಯಾ? ಎದ್ದು ನಿಲ್ಲಿ."

ಸೀರೆಯ ನೆರಿಗೆ ಕೊಡವಿಸಿದರು, ಬೆಂಚಿನ ಅಡಿ ಬಗ್ಗಿ ನೋಡಿದರು. ಏನೂ ಇಲ್ಲ.

"ಮತ್ತೆ ಕೈ ಎಂತ ಮಾಡ್ತಾ ಇತ್ತು?"

ಮಣಿಪಾಲದ ಹುಡುಗಿಯರು ಅದೇ ಕೋಣೆಯಲ್ಲಿ ಕತ್ತು ತಿರುಗಿಸಿ ನೋಡುತ್ತಿದ್ದಾರೆ. ಬಾಯಿ ಬಿಡದಿದ್ದರೆ ಹೊರಗೆ ಹಾಕುತ್ತಾರೆ. ಪರೀಕ್ಷೆಯೂ ಹೋಯಿತು, ಕೆಲಸವೂ ಹೋಯಿತು.

"ಬೀಡಿ ಕಟ್ತಾ ಇತ್ತು ಮೇಡಂ."

"ಬೀಡಿಯಾ? ಇಲ್ಲಿ?"

"ಬೀಡಿ ಇಲ್ಲ, ಬರೀ ಕಟ್ಟುದು. ಕೈ ಆಡದಿದ್ರೆ ನನಗೆ ಲೆಕ್ಕ ಬರುದಿಲ್ಲ."

ಇಡೀ ಕೋಣೆ ನಕ್ಕಿತು. ಮೇಡಮ್ಮಿಗೂ ನಗು ಬಂತು ಕಾಣುತ್ತದೆ, ಕಿಟಕಿಯ ಕಡೆ ಮುಖ ಮಾಡಿದರಂತೆ. "ಅವರು ಇನ್ನೊಮ್ಮೆ ಫೋನ್ ಮಾಡಿದ್ರೆ ನಾನು ಎಂತ ಹೇಳ್ಲಿ?"

ಕುಶಲಾ ಮೂಲೆಯ ಕ್ಯಾಮೆರಾವನ್ನು ಒಮ್ಮೆ ನೋಡಿದಳು. "ಅಲ್ಲಿಂದ ಅದಕ್ಕೆ ಡೆಸ್ಕಿನ ಅಡಿ ಕಾಣುದಿಲ್ಲ ಮೇಡಂ, ಮೇಲೆ ಮಾತ್ರ ಕಾಣುದು. ನನ್ನನ್ನು ಎದುರಿನ ಬೆಂಚಿಗೆ ಹಾಕಿ. ಮೇಲೆಯೇ ಕಟ್ತೇನೆ, ಅವರೂ ನೋಡ್ಲಿ."

ಮತ್ತೆ ಬೆಲ್ ಹೊಡೆಯುವವರೆಗೆ ಎಲ್ಲರೆದುರು ಇಲ್ಲದ ಬೀಡಿ ಕಟ್ಟಿಕೊಂಡು ಬರೆದಳು.

ಸಂಜೆ ಇದನ್ನು ಕೇಳಿ ನನಗೆ ಆ ಹುಡುಗಿಯರ ಮೇಲೆ ಸಿಟ್ಟು ಬಂತು. ಇವಳು ಮೀನು ಸಾರಿನಲ್ಲಿ ಕುಚ್ಚಲಕ್ಕಿ ಅನ್ನ ಕಲಸಿಕೊಂಡು, "ನಗ್ಲಿ ದೊಡ್ಡಮ್ಮ. ಅವರು ನಗು ಮುಗಿಸುವಾಗ ನಾನು ಮುಂದಿನ ಲೆಕ್ಕಕ್ಕೆ ಹೋಗಿ ಆಗಿತ್ತು" ಎಂದಳು. ಮರುದಿನ ರಾಯ್‌ಸ್ಟನಿಗೂ ಬೀಡಿಯ ವಿಷಯ ಇವಳೇ ಹೇಳಿದಳಂತೆ, ಕೈ ಆಡಿಸಿ ತೋರಿಸಿ.

ಫಲಿತಾಂಶವನ್ನು ಅಕ್ಷಿತಾ ಮೊಬೈಲಿನಲ್ಲಿ ನೋಡಿದಳು. ಲೆಕ್ಕದಲ್ಲಿ ದೊಡ್ಡ ಅಂಕವೇನಲ್ಲ, ಆದರೆ ಪಾಸು. ಕ್ಯಾಮೆರಾದ್ದರಲ್ಲಿ ಹೇಗೂ ಪಾಸು.

ಸಂತೆಕಟ್ಟೆಯ ಅಂಗಡಿಗೆ ಸೇರಿದ ಅವಳಿಗೆ ಕಳೆದ ವಾರ ಅಂಬಲಪಾಡಿಯ ಒಂದು ಬೇಕರಿಯಲ್ಲಿ ಕ್ಯಾಮೆರಾ ಹಾಕುವ ಕೆಲಸ. ಅಂಗಡಿಯ ಏಣಿಯನ್ನು ಶೀನನ ರಿಕ್ಷಾಕ್ಕೆ ತುರುಕಿದರೆ ಅರ್ಧ ಹೊರಗೆ.

"ಏಣಿಗೆ ಬೇರೆ ಬಾಡಿಗೆ," ಎಂದ ಶೀನ.

"ನಮ್ಮ ಅಂಗಡಿಗೆ ಬಿಲ್ಲು ಕಳಿಸಿ. ಈಗ ಮೆಲ್ಲ ಬಿಡಿ, ನನಗೆ ಮೇಲೆ ಹತ್ಲಿಕ್ಕುಂಟು," ಎಂದು ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕುಳಿತಳು.